ಮಲಾನ್ ಎರಡು ಸಲ ಕೂಗಿದ ದಿನ

ಹಾಮ್ರಾವೀಕ್‌ನಲ್ಲಿ ಮಲಾನಳ ಗಂಟಲಿನ ಪರಿಚಯ ಇಲ್ಲದ ಜೀವ ಒಂದೂ ಇಲ್ಲ, ಕುರಿಗಳೂ ಸೇರಿ. ಊರೆಂದರೆ ಎಷ್ಟು ಮಹಾ? ಎಪ್ಪತ್ತೊಂದು ಜನ, ಒಂದು ಚರ್ಚು, ಒಂದು ಬೋಟುಕಟ್ಟೆ, ಬೆನ್ನಿಗೆ ನೆಟ್ಟಗೆ ನಿಂತ ಬೆಟ್ಟ. ಅರವತ್ತೆರಡು ವರ್ಷದ ಈ ಹೆಂಗಸು ಪಕ್ಕದ ದ್ವೀಪದ ಮೀನು ಕಾರ್ಖಾನೆಯಲ್ಲಿ ಮುಳ್ಳು ಬಿಡಿಸುತ್ತ ಎಂಟು ಗಂಟೆ ನಿಂತರೂ ತುಟಿ ಪಿಟಕ್ಕೆನ್ನುವುದಿಲ್ಲ. ಗಂಡ ತುಮ್ಮಸ್ ಗ್ರೀನ್‌ಲ್ಯಾಂಡ್ ಕಡೆಯ ಕಡಲಿಗೆ ಎರಡೆರಡು ತಿಂಗಳು ಮೀನಿಗೆ ಹೋದರೂ ಒಂದು ದಿನ ಗೊಣಗಿದವಳಲ್ಲ. ಆದರೆ ಫುಟ್‌ಬಾಲ್ ಶುರುವಾಯಿತೋ, ಮುಗಿಯಿತು. ಮೂವತ್ತೈದು ವರ್ಷದಿಂದ ಕೂಡಿಟ್ಟ ಮಾತೆಲ್ಲ ಆ ತೊಂಬತ್ತು ನಿಮಿಷದಲ್ಲಿ ಹೊರಗೆ.

ಮೂವತ್ತೈದು ವರ್ಷ ಅಂದೆನಲ್ಲ, ಲೆಕ್ಕ ಸರಿಯಾಗಿಯೇ ಇದೆ. ನಮ್ಮ ಫಾರೋ ದ್ವೀಪಗಳ ತಂಡ ತಾಯ್ನೆಲದಲ್ಲಿ ಆಡಿದ ಒಂದೇ ಒಂದು ಅರ್ಹತಾ ಪಂದ್ಯವನ್ನೂ ಅವಳು ತಪ್ಪಿಸಿಲ್ಲ. ಮಗಳನ್ನು ಹೆತ್ತ ಹನ್ನೊಂದನೇ ದಿನ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಹೋಗಿ ಕೂತವಳು. ಏಳು-ಸೊನ್ನೆ ಸೋತ ದಿನವೂ ಕಡೇ ಸೀಟಿ ಊದುವ ತನಕ ಎದ್ದಿಲ್ಲ. ತಲೆಯ ಮೇಲೆ ಯಾವಾಗಲೂ ಅದೇ ಟೋಪಿ. ತನ್ನದೇ ಕುರಿಯ ಉಣ್ಣೆ ನೂತು ಹೆಣೆದ ಬಿಳಿ ಟೋಪಿ, ಕೆಂಪು ನೀಲಿ ಪಟ್ಟಿ, ನೆತ್ತಿಗೊಂದು ಗೊಂಡೆ. ಒಗೆದರೆ ಅದೃಷ್ಟ ಹೋಗುತ್ತದೆಂದು ಅದನ್ನು ಒಗೆದೂ ಇಲ್ಲ. ಹತ್ತಿರ ಹೋದರೆ ಗೊತ್ತಾಗುತ್ತದೆ.

ಮೊದಮೊದಲು ಅವಳ ಪಕ್ಕದ ಸೀಟು ತಮ್ಮ ದಾನ್ಯಲನದು. ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಬೋಟು ಹತ್ತುವುದು, ಒಣಗಿಸಿದ ಕುರಿಮಾಂಸ ಒಟ್ಟಿಗೆ ಜಗಿಯುವುದು, ಸೋತು ಒಟ್ಟಿಗೆ ಹಲ್ಲು ಕಡಿಯುವುದು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಪಂದ್ಯ. ದೇವರು ಕಣ್ಣು ಬಿಟ್ಟಿದ್ದ, ನಾವು ಒಂದು-ಸೊನ್ನೆ ಮುಂದಿದ್ದೆವು, ಎಂಬತ್ತೆಂಟನೇ ನಿಮಿಷ. ದಾನ್ಯಲ್ ಗಡಿಯಾರ ನೋಡಿ, "ಅಕ್ಕಾ, ಕಡೇ ಬೋಟು ತಪ್ಪುತ್ತೆ, ನಾನು ಹೋಗಿ ಕಾರು ತೆಗೀತೀನಿ" ಎಂದು ಎದ್ದ. ಅವನು ಮೆಟ್ಟಿಲು ಇಳಿಯುತ್ತಿದ್ದಂತೆ ಒಂದು ಗೋಲು ಬಿತ್ತು, ಕಾರಿನ ಬಾಗಿಲು ತೆಗೆಯುವ ಹೊತ್ತಿಗೆ ಇನ್ನೊಂದು. ಬೋಟಿನ ತುಂಬ ಊರವರು ಕೂತಿದ್ದ ಕಡೆ ಮಲಾನ್ ಅಂದೇಬಿಟ್ಟಳು: "ನಿಂದು ಕೆಟ್ಟ ಕಾಲ್ಗುಣ ಕಣೋ. ನೀನು ಬಂದ ಕಡೆ ಗೆಲುವು ನಿಲ್ಲಲ್ಲ. ಇನ್ಮೇಲೆ ಬರ್ಬೇಡ."

ಅವನು ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಜಗಳವೇನೂ ಆಗಲಿಲ್ಲ, ಭಾನುವಾರ ಅಕ್ಕನ ಮನೆಗೆ ಬರುತ್ತಿದ್ದ, ಕಾಫಿ ಕುಡಿಯುತ್ತಿದ್ದ, ಕುರಿ, ಹುಲ್ಲು, ಹವಾಮಾನ ಎಲ್ಲ ಮಾತಾಡುತ್ತಿದ್ದ. ರೇಡಿಯೋದಲ್ಲಿ ಪಂದ್ಯ ಶುರುವಾದರೆ ಮಾತ್ರ ಎದ್ದು ಕುರಿ ನೋಡಲು ಹೊರಟುಬಿಡುವನು. ಮಲಾನಳಿಗೆ ಎಷ್ಟೋ ಸಲ ಬಾಯಿ ತುದಿಗೆ ಬಂದದ್ದುಂಟು. ಆಡಿದ್ದನ್ನು ವಾಪಸು ತಗೊಳ್ಳೋದು ಹೇಗೆ ಅಂತ ಗೊತ್ತಾಗದೆ ಇನ್ನೊಂದು ಲೋಟ ಕಾಫಿ ಬಗ್ಗಿಸುತ್ತಿದ್ದಳು.

ಈ ವರ್ಷದ ಕಥೆಯೇ ಬೇರೆ. ಮಾರ್ಚಿನಲ್ಲಿ ನಾಲ್ಕು-ಸೊನ್ನೆ ಸೋತಾಗ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಅದು ನಮಗೆ ಬಾಯಿಪಾಠವಾದ ಪದ್ಯ. ಜೂನಿನಲ್ಲಿ ಗಾಳಿ ಬೀಸಿದ ದಿನ ಒಂದು-ಸೊನ್ನೆ ಗೆದ್ದೆವು. ಗಾಳಿ ಗೆದ್ದಿತು ಎಂದರು ಹೊರಗಿನವರು. ಸೆಪ್ಟೆಂಬರಿನಲ್ಲಿ ಗಾಳಿ ಇಲ್ಲದ ಊರಿಗೇ ಹೋಗಿ ಎರಡು-ಎರಡು ಸಮ ಮಾಡಿಕೊಂಡು ಬಂದೆವು, ಆಮೇಲೆ ಇನ್ನೊಂದು ಗೆದ್ದೆವು. ಆಗ ಹೊರಗಿನವರ ಬಾಯಿ ಮುಚ್ಚಿತು. ಐವತ್ತು ಚಿಲ್ಲರೆ ಸಾವಿರ ಜನರ ನಾಡು ನಮ್ಮದು. ಎದುರಾಳಿಗಳ ಒಂದೇ ಮೈದಾನದಲ್ಲಿ ನಾವೆಲ್ಲ ಹಸುಗೂಸು ಸಮೇತ ಕೂತರೂ ಜಾಗ ಉಳಿಯುತ್ತದೆ. ಅಂಥ ನಾವು ಈಗ ಮೂರನೇ ಸ್ಥಾನದಲ್ಲಿ!

"ಮೊದಲೆಲ್ಲ ನಮ್ ಹುಡುಗ್ರು ಎಷ್ಟು ಗೋಲಿಗೆ ಸೋಲು ನಿಲ್ಲಿಸೋಣ ಅಂತ ಆಡೋರು," ಎಂದು ಮಲಾನ್ ಈ ವರ್ಷ ಕಾರ್ಖಾನೆಯಲ್ಲೂ ಬಾಯಿ ಬಿಟ್ಟು, ಚಾಕು ಆಡಿಸುತ್ತ ಪಾಠ ಹೇಳುತ್ತಿದ್ದಳು. "ಈಗ ಅವರ ಕಣ್ಣು ನೋಡ್ರೇ, ಕಾಲು ನೋಡ್ಬೇಡಿ. ಆ ಒಂಬತ್ತನೇ ನಂಬರಿನವನು, ನಮ್ ಬಿರ್ಗಿಟ್ ಅಕ್ಕನ ಮೊಮ್ಮಗ, ಮೂಗು ಸುರಿಸ್ಕೊಂಡು ಓಡಾಡ್ತಿದ್ದೋನು, ಈಗ ದೊಡ್ಡ ದೊಡ್ಡ ದೇಶದೋರ ಮುಂದೆ ಎದೆ ಉಬ್ಬಿಸ್ಕೊಂಡು ನಿಲ್ತಾನೆ."

ಅಕ್ಟೋಬರಿನ ಕಡೇ ಪಂದ್ಯ ಗುಂಪಿನ ದೊಡ್ಡಣ್ಣನ ಜೊತೆ. ದೇಶದ ಹೆಸರು ಬೇಡ, ಸುಮ್ಮನೆ ಯಾಕೆ ಅವರ ಹೊಟ್ಟೆ ಉರಿಸುವುದು. ಲೆಕ್ಕ ಸುಲಭ: ರಾಜಧಾನಿ ಟೋರ್ಸ್‌ಹಾವ್ನ್‌ನಲ್ಲಿ ಸಂಜೆ ಐದಕ್ಕೆ ನಾವು ಗೆಲ್ಲಬೇಕು, ಅದೇ ದಿನ ಮಧ್ಯಾಹ್ನ ದೂರದ ಪೂರ್ವದ ದೇಶದಲ್ಲಿ ನಮ್ಮ ಮೇಲಿನ ತಂಡ ಗೆಲ್ಲಬಾರದು. ಎರಡೂ ಆದರೆ ಎರಡನೇ ಸ್ಥಾನ, ಪ್ಲೇ ಆಫ್, ಅಂದರೆ ವಿಶ್ವಕಪ್ಪಿಗೆ ಕಡೇ ಮೆಟ್ಟಿಲು. ಅಲ್ಲಿಯ ತನಕ ನಮ್ಮವರು ಹುಟ್ಟಿದಾಗಿನಿಂದ ಹೋದದ್ದಿಲ್ಲ. ಐದು ಸಾವಿರ ಟಿಕೆಟು ಒಂಬತ್ತು ನಿಮಿಷದಲ್ಲಿ ಖಾಲಿ. ಹಾಮ್ರಾವೀಕ್‌ನ ಹದಿನಾರು ಜನಕ್ಕೆ ಸಿಕ್ಕಿತು. ಮಲಾನ್ ತನ್ನ ಟಿಕೆಟನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಬೈಬಲ್ಲಿನೊಳಗೆ ಇಟ್ಟಳು.

ಆಗ ಇಳಿಯಿತು ನೋಡಿ ಮಂಜು.

ಚಳಿಗಾಲಕ್ಕೆ ಮೊದಲು ಬೆಟ್ಟದ ಕುರಿಗಳನ್ನು ಇಳಿಸಬೇಕು. ಅದು ಒಬ್ಬಿಬ್ಬರ ಕೆಲಸವಲ್ಲ. ಬೆಟ್ಟದಲ್ಲಿ ಪಾಲಿರುವ ಪ್ರತಿ ಮನೆಯಿಂದ ಒಬ್ಬರು ಹೋಗಿ, ಅಡ್ಡಕ್ಕೆ ಸಾಲು ಹಿಡಿದು, ಕುರಿಗಳನ್ನು ಕಲ್ಲಿನ ದೊಡ್ಡಿಗೆ ತುಂಬಬೇಕು. ದಿನ ಹೇಳುವವನು ಕುರಿ ಯಜಮಾನ. ನಮ್ಮೂರಿನ ಯಜಮಾನ ದಾನ್ಯಲ್. ಹತ್ತು ದಿನ ಮಂಜು ಬೆಟ್ಟದ ಮೇಲೆ ಹಾಸಿಕೊಂಡು ಮಲಗಿತ್ತು. ಪಂದ್ಯದ ದಿನ ಬೆಳಿಗ್ಗೆ ಆರಕ್ಕೆ ಮಲಾನ್ ಕಿಟಕಿ ತೆಗೆದರೆ, ಹಾಳಾದ್ದು, ತುದಿಯವರೆಗೆ ಬೆಟ್ಟ ತೊಳೆದಿಟ್ಟ ಹಾಗೆ ಕಾಣುತ್ತಿದೆ! ಫೋನು ಗುಂಯ್ ಎಂದಿತು. ದಾನ್ಯಲನ ಸಂದೇಶ, ಎರಡೇ ಪದ: "ಇವತ್ತು ಬೆಟ್ಟ."

ಅವಳು ಟೋಪಿ ಸಿಕ್ಕಿಸಿಕೊಂಡು ನೇರ ಅವನ ಮನೆ ಬಾಗಿಲಿಗೆ ಹೋದಳು.

"ಏನೋ ಇದು? ನಿಂಗೆ ಇವತ್ತೇ ಬೇಕಿತ್ತಾ?"

"ನಾನು ಬೇಕು ಅಂದ್ರೆ ಮಂಜು ಕೇಳುತ್ತಾ ಅಕ್ಕಾ? ನಾಳೆಯಿಂದ ಮಳೆ, ಬಿರುಗಾಳಿ. ಇವತ್ತು ಬಿಟ್ರೆ ಇನ್ನು ಹದಿನೈದು ದಿನ ಇಲ್ಲ." ದಾನ್ಯಲ್ ಬೂಟಿನ ದಾರ ಕಟ್ಟುತ್ತಿದ್ದ. "ಒಂದು ಗಂಟೆಗೆ ದೊಡ್ಡಿಗೆ ತುಂಬಿಸ್ತೀನಿ. ಮೂರಕ್ಕೆ ಬೋಟು. ಎಲ್ಲರೂ ಹೋಗಿ ಕಿರುಚ್ಕೊಂಡು ಬನ್ನಿ. ನಾನು ಕುರಿ ಹತ್ರ ಇರ್ತೀನಿ."

"ಒಂದು ಅಂದ್ರೆ ಒಂದು."

"ದೊಡ್ಡಿ ಬಾಯಿ ಹತ್ರ ನೀನೊಬ್ಳು ಬಾಯಿ ಮುಚ್ಕೊಂಡಿದ್ರೆ ಒಂದು."

ಇದು ಹುಡುಗಾಟದ ಮಾತಲ್ಲ. ಬೆಟ್ಟದ ಮೇಲೆ ಎಷ್ಟು ಬೇಕಾದರೂ ಕೂಗಿ, ಕುರಿಗಳು ದೊಡ್ಡಿಯ ಬಾಯಿಗೆ ಬಂದ ಮೇಲೆ ಕೆಮ್ಮು ಬಂದರೂ ನುಂಗಬೇಕು. ಅಲ್ಲಿ ಬೆದರಿದ ಕುರಿ ಹಿಂದಕ್ಕೆ ತಿರುಗಿತೆಂದರೆ ಮತ್ತೆ ಬೆಟ್ಟದ ತಲೆಗೇ ನಿಲ್ಲುವುದು. ಇದು ಇಲ್ಲಿನ ಕೂಸಿಗೂ ಗೊತ್ತು.

ಮಲಾನಳಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ಟಿಕೆಟನ್ನು ಬೈಬಲ್ಲಿನಿಂದ ತೆಗೆದು ಎದೆಯೊಳಗೆ ಇಟ್ಟುಕೊಂಡು, ಪುಟ್ಟ ರೇಡಿಯೋ ಜೇಬಿಗೆ ಹಾಕಿ ಅದರ ವೈರನ್ನು ಟೋಪಿಯೊಳಗಿಂದ ಕಿವಿಗೆ ಸಿಕ್ಕಿಸಿಕೊಂಡಿದ್ದಳು. ಪೂರ್ವದ ಪಂದ್ಯ ನಮ್ಮ ಗಡಿಯಾರಕ್ಕೆ ಹನ್ನೊಂದಕ್ಕೆ ಶುರು. ಸಾಲಿನಲ್ಲಿ ಅವಳ ಪಕ್ಕದವಳು ಸೋಲ್ವಾ, ಊರಿನ ನರ್ಸು, ನಲವತ್ತು ವರ್ಷದ ಗಟ್ಟಿ ಹೆಂಗಸು, ಅವಳ ಬಳಿಯೂ ಟಿಕೆಟಿದೆ.

"ಎಷ್ಟು?" ಎಂದು ಸೋಲ್ವಾ ಕೈಸನ್ನೆ ಮಾಡಿದಳು.

ಮಲಾನ್ ಮೂತಿ ಸೊಟ್ಟ ಮಾಡಿ ಒಂದು ಬೆರಳು ಎತ್ತಿದಳು. ನಮ್ಮ ಮೇಲಿನ ತಂಡ ಮುಂದಿತ್ತು.

ಕುರಿಗಳು ಮಾತ್ರ ದೇವರಂತೆ ಇಳಿದವು. ಇನ್ನೂರು ಕುರಿ, ಕರಿದು, ಬಿಳಿದು, ಕಂದು, ಬೆನ್ನಿಗೆ ಬೆನ್ನು ತಾಗಿಸಿಕೊಂಡು ಹಳ್ಳ ದಾಟಿ, ಹುಲ್ಲುಗಾವಲು ದಾಟಿ ಬಂದವು. ಒಂದಕ್ಕೆ ಹತ್ತು ನಿಮಿಷ ಇರುವಾಗ ಮುಂದಿನ ಕುರಿಗಳು ದೊಡ್ಡಿಯ ಬಾಯಿಗೆ ಮೂಗು ಇಟ್ಟಿದ್ದವು. ದಾನ್ಯಲ್ ಎರಡೂ ಕೈ ಅಗಲಿಸಿ ನಿಂತಿದ್ದ. ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮಲಾನಳ ಕಿವಿಯೊಳಗಿನ ಪಂದ್ಯದಲ್ಲಿ ಸೀಟಿ ಊದಲು ಎರಡೇ ನಿಮಿಷ ಉಳಿದಿದ್ದಾಗ, ಆ ಪೂರ್ವದ ಪುಣ್ಯಾತ್ಮರು ಒಂದು ಗೋಲು ಹೊಡೆದುಬಿಟ್ಟರು. ಒಂದು-ಒಂದು!

"ಬಿತ್ತೂಊಊ!"

ಆ ಕೂಗು ಬೆಟ್ಟಕ್ಕೆ ಬಡಿದು ವಾಪಸು ಬಂತು. ಇನ್ನೂರು ತಲೆ ಒಟ್ಟಿಗೆ ಎದ್ದವು. ಆಮೇಲೆ ಏನು ಹೇಳುವುದು. ಕಟ್ಟೆ ಒಡೆದ ನೀರಿನ ಹಾಗೆ ಕುರಿಗಳು ಸಾಲಿನ ನಡುವೆ ನುಗ್ಗಿ, ಸೋಲ್ವಾಳನ್ನು ಕೆಡವಿ, ಪಾದ್ರಿಗಳ ಕಾಲ ಸಂದಿಯಲ್ಲಿ ನುಸುಳಿ, ಬಂದ ದಾರಿಯಲ್ಲೇ ಮೇಲಕ್ಕೆ ಹೋದವು. ಮಲಾನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಈಗ ಮುಚ್ಚಿ ಏನು ಬಂತು?

ದಾನ್ಯಲ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳ ಹತ್ತಿರ ಬಂದು, ಕಿವಿಯಿಂದ ಜೋತಾಡುತ್ತಿದ್ದ ವೈರು ನೋಡಿ, "ಯಾರ ಕಾಲ್ಗುಣ ಅಕ್ಕಾ ಇದು?" ಎಂದ, ಅಷ್ಟೇ.

ಅವಳ ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ಇಪ್ಪತ್ತೆರಡು ವರ್ಷ ಅವನು ಆ ಮಾತನ್ನು ಮಡಿಚಿ ಇಟ್ಟುಕೊಂಡಿದ್ದ.

ಕುರಿ ಒಳಗಾಗದೆ ಸಾಲು ಬಿಟ್ಟು ಹೋಗುವ ಪದ್ಧತಿ ನಮ್ಮಲ್ಲಿ ಇಲ್ಲ. ಹದಿನಾರು ಜನರ ಜೇಬಿನಲ್ಲಿ ಟಿಕೆಟಿತ್ತು, ಒಬ್ಬರೂ ಬೋಟುಕಟ್ಟೆಯ ಕಡೆ ನೋಡಲಿಲ್ಲ. ಮಲಾನ್ ರೇಡಿಯೋ ಕಿತ್ತು ದೊಡ್ಡಿಯ ಗೋಡೆಯ ಮೇಲೆ ಇಟ್ಟಳು. "ನಂದು ತಪ್ಪಾಯ್ತು. ಮೇಲಿನ ತುದಿ ನಾನು ಹಿಡೀತೀನಿ," ಎಂದಳು. ಮೇಲಿನ ತುದಿ ಎಂದರೆ ಎಲ್ಲಕ್ಕಿಂತ ಕಡಿದಾದ ಜಾಗ, ಇಪ್ಪತ್ತು ವರ್ಷದವರ ಜಾಗ.

"ಮಂಡಿ ಬಿಡುತ್ತೆ, ಸುಮ್ನಿರೇ," ಎಂದಳು ಸೋಲ್ವಾ, ಮೈಗಂಟಿದ ಹಿಕ್ಕೆ ಕೊಡವಿಕೊಳ್ಳುತ್ತ.

"ಬಿಟ್ರೆ ನೀನಿದೀಯಲ್ಲ, ಹೊಲಿ."

ಅಯ್ಯೋ, ಅವತ್ತಿನ ಆ ಓಟ ನೋಡಬೇಕಿತ್ತು! ಎರಡು ಗಂಟೆಯ ಕೆಲಸ, ಒಂದೂಕಾಲು ಗಂಟೆಯಲ್ಲಿ. ಪಾದ್ರಿಗಳು ಕೋಟು ಬಿಸಾಡಿ ಓಡಿದರು. ಮಲಾನ್ ಕಡಿದಾದ ಬೆಟ್ಟದ ಓರೆಯಲ್ಲಿ ಕೈಕಾಲು ಎರಡನ್ನೂ ಊರಿಕೊಂಡು, ಟೋಪಿಯ ಗೊಂಡೆ ಕುಣಿಸುತ್ತ, "ಹೋ! ಹೋ!" ಎಂದು ಕುರಿಗಳನ್ನು ತಿರುಗಿಸಿದಳು. ಭಯ ಒಂದು ಪಾಲು, ಮಿಕ್ಕ ಮೂರು ಪಾಲು ಹುಮ್ಮಸ್ಸು. ಒಂದು-ಒಂದಕ್ಕೇ ಮುಗಿದಿರಬೇಕು ಅದು! ಇವತ್ತು ಗೆಲ್ತೀವಿ! ಈ ದರಿದ್ರ ಕುರಿಗಳು ಒಳಗೆ ಹೋದರೆ ಗೆಲ್ತೀವಿ!

ದೊಡ್ಡಿಯ ಬಾಯಿ ಮತ್ತೆ ಬಂತು. ಮೌನ. ಮುಂದಿನವು ಒಳಗೆ ಹೋದವು, ನಡುವಿನವು ಹೋದವು. ಆಗ ಹಿಂಡಿನ ಹಳೇ ಕಳ್ಳಿ, ಒಂಟಿ ಕೊಂಬಿನ ಕರಿ ಕುರಿ, ತಲೆ ಎತ್ತಿ ಮಲಾನಳ ಕಡೆ ನೋಡಿತು. ಈ ಹೆಂಗಸಿನ ಮೇಲೆ ಅದಕ್ಕೂ ನಂಬಿಕೆ ಹೋಗಿತ್ತೋ ಏನೋ, ಸೀದಾ ಅವಳ ಪಕ್ಕದ ಸಂದಿಗೇ ನುಗ್ಗಿತು. ಅದು ಹೋದರೆ ಉಳಿದ ಅರವತ್ತೂ ಹಿಂದೆಯೇ. ಮಲಾನ್ ಬಾಯಿ ಬಿಗಿಹಿಡಿದು ಅಡ್ಡಕ್ಕೆ ಹಾರಿದಳು. ಮೂವತ್ತೈದು ವರ್ಷ ಗೋಲ್‌ಕೀಪರುಗಳನ್ನು ಬೈದದ್ದು ಸಾರ್ಥಕವಾಯಿತು: ಎಡಗೈಗೆ ಹಿಂಗಾಲು ಸಿಕ್ಕಿತು, ಬಲಗೈಗೆ ಕೊಂಬು. ಕುರಿ ಅವಳನ್ನು ನಾಲ್ಕು ಮಾರು ಎಳೆದುಕೊಂಡು ಹೋಯಿತು. ಕಲ್ಲಿಗೆ ಕಾಲು ಸಿಕ್ಕಿ ಲಟಕ್ಕೆಂದಿತು. ಅವಳು ಕೈ ಬಿಡಲಿಲ್ಲ, ಕೂಗಲೂ ಇಲ್ಲ.

ದೊಡ್ಡಿಯ ಬಾಗಿಲು ಬಿತ್ತು. ಗಂಟೆ ಎರಡೂಕಾಲು. ಆಗ ಎಲ್ಲರೂ ಕೂಗಿದರು, ತಬ್ಬಿಕೊಂಡರು, ಗೋಡೆಯ ಮೇಲಿನ ರೇಡಿಯೋ ಕೇಳಿ ಇನ್ನೊಮ್ಮೆ ಕೂಗಿದರು. ಪೂರ್ವದ್ದು ಒಂದು-ಒಂದಕ್ಕೇ ಮುಗಿದಿತ್ತು. ಇನ್ನು ನಮ್ಮದೊಂದೇ ಬಾಕಿ.

ಮಲಾನ್ ಏಳಲು ನೋಡಿದಳು, ಆಗಲಿಲ್ಲ. ಸೋಲ್ವಾ ಬೂಟು ಬಿಚ್ಚಿ ಒತ್ತಿ ನೋಡಿದಳು. "ಮುರಿದಿಲ್ಲ, ಉಳುಕಿದೆ. ಆದರೆ ಇವತ್ತು ಈ ಕಾಲು ನೆಲಕ್ಕೆ ಊರೋ ಹಾಗಿಲ್ಲ." ಪಾದ್ರಿಗಳೂ ಇನ್ನಿಬ್ಬರೂ ಮುಂದೆ ಬಂದರು. "ನಾವು ಹೊತ್ಕೊಂಡು ಹೋಗ್ತೀವಿ, ನಡಿ."

ದೊಡ್ಡಿಯಿಂದ ಬೋಟುಕಟ್ಟೆಗೆ ಕಲ್ಲುದಾರಿ, ಗಾಡಿ ಬರುವುದಿಲ್ಲ, ಬೇಲಿ ಹತ್ತಿ ಇಳಿಯುವ ಜಾಗ ಮೂರಿವೆ. ಬರಿಗೈಲಿ ನಡೆದರೆ ಅರ್ಧ ಗಂಟೆ. ಮನುಷ್ಯರನ್ನು ಹೊತ್ತುಕೊಂಡು ಹೋದರೆ ಮೂರರ ಬೋಟು ಸಿಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವಳು ಒಂದು ಗಳಿಗೆ ಕಣ್ಣು ಮುಚ್ಚಿದಳು. ಮೂವತ್ತೈದು ವರ್ಷ. ಒಂದೂ ತಪ್ಪಿಸಿರಲಿಲ್ಲ. ಕಣ್ಣೀರು ತಂತಾನೇ ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ.

"ನನ್ನ ಹೊತ್ರೆ ಒಬ್ರೂ ಬೋಟು ಮುಟ್ಟಲ್ಲ. ಒಂದು ಸಲ ನಿಮ್ಮ ಕೆಲಸ ಕೆಡಿಸಿದ್ದು ಸಾಕು. ಹೋಗ್ರೋ, ಓಡಿ! ನಾನು ಕುರಿ ಕಾಯ್ತೀನಿ." ಆಮೇಲೆ ಟೋಪಿ ತೆಗೆದಳು. ಎದೆಯೊಳಗಿಂದ ಟಿಕೆಟು ತೆಗೆದಳು. ಎರಡನ್ನೂ ದಾನ್ಯಲನ ಕಡೆ ಚಾಚಿದಳು.

ಅವನು ಎರಡು ಹೆಜ್ಜೆ ಹಿಂದೆ ಸರಿದ. "ನಂಗ್ಯಾಕೆ? ಕುರಿ ಯಜಮಾನ ಕುರಿ ಹತ್ರ ಇರ್ಬೇಕು."

"ಇವತ್ತು ನಾನೇ ಯಜಮಾನಿ. ಹೋಗೋ."

"ನನ್ನ ಕಾಲ್ಗುಣ ಗೊತ್ತಲ್ಲ ನಿಂಗೆ."

ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಅಂದು ಬೋಟಿನಲ್ಲಿದ್ದವರೇ ಅರ್ಧ ಜನ ಇಲ್ಲಿದ್ದರು. ಅದೇ ಸರಿ ಎನಿಸಿತು ಮಲಾನಳಿಗೆ.

"ಅವತ್ತು ನಾನು ಆಡಬಾರದ ಮಾತು ಆಡ್ದೆ ಕಣೋ. ಸೋತಿದ್ದು ಹನ್ನೊಂದು ಜನ, ಸಿಟ್ಟು ನಿನ್ನೊಬ್ಬನ ಮೇಲೆ ತೀರಿಸ್ಕೊಂಡೆ. ಇಪ್ಪತ್ತೆರಡು ವರ್ಷ ನಿನ್ನ ಸೀಟಲ್ಲಿ ಯಾರ್ಯಾರೋ ಕೂತ್ರು, ನಂಗೆ ಒಂದು ಗೋಲೂ ರುಚಿಸ್ಲಿಲ್ಲ. ಹೊಟ್ಟೆಗೆ ಹಾಕ್ಕೊ. ನನ್ನ ಬದ್ಲು ನೀನು ಕೂತ್ಕೋ."

ದಾನ್ಯಲ್ ಟಿಕೆಟು ಜೇಬಿಗೆ ಸೇರಿಸಿದ. ಟೋಪಿ ತಗೊಂಡ, ಮೂಸಿ ನೋಡಿದ, ಮುಖ ಕಿವುಚಿದ. "ದೇವರೇ, ಇದನ್ನ ಒಗೆಯೋದೇ ಇಲ್ವಾ ನೀನು?" ಎಂದು ತಲೆಗೆ ಏರಿಸಿಕೊಂಡು ಓಡಿದ. ಐವತ್ತೊಂಬತ್ತು ವರ್ಷದವನು, ಕಲ್ಲಿನಿಂದ ಕಲ್ಲಿಗೆ ಹಾರುತ್ತ ಎಲ್ಲರಿಗಿಂತ ಮುಂದೆ.

ಅವಳ ಜೊತೆ ಉಳಿದವನು ಹೆರ್ಗೆಯಿರ್ ಅಜ್ಜ. ಎಂಬತ್ತೊಂದು ವರ್ಷ, ಕುರಿಯ ಕಿವಿಗುರುತು ನೋಡಿ ಯಾರ ಮನೆಯದೆಂದು ಹೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ಅವನ ಸ್ವಂತ ಕಿವಿ ಮಾತ್ರ ಪೂರ್ತಿ ಕಿವುಡು. ಊರಲ್ಲಿ ಉಳಿದವರು ಸಂಜೆಗೆ ಬಂದು ಇಬ್ಬರನ್ನೂ ಇಳಿಸುವುದೆಂದಾಗಿತ್ತು. ಬಂದರು ಕೂಡ, ಆದರೆ ಮಲಾನ್ "ಪಂದ್ಯ ಮುಗಿಯೋ ತನಕ ನನ್ನ ಮುಟ್ಟಿದ್ರೆ ನೋಡಿ" ಎಂದದ್ದಕ್ಕೆ ಅವರೂ ಗೋಡೆಗೊರಗಿ ಕೂತರು. ಅಜ್ಜ ಫ್ಲಾಸ್ಕಿನ ಕಾಫಿ ಬಗ್ಗಿಸಿದ. ಮಲಾನ್ ಕಾಲನ್ನು ಉಣ್ಣೆ ಮೂಟೆಯ ಮೇಲಿಟ್ಟು, ರೇಡಿಯೋ ತೊಡೆಯ ಮೇಲಿಟ್ಟುಕೊಂಡಳು.

ಇಪ್ಪತ್ತನೇ ನಿಮಿಷಕ್ಕೆ ಅವರ ಗೋಲು. "ಹೋಯ್ತು ಅಜ್ಜಾ!" ಅಜ್ಜ ತಲೆಯಾಡಿಸಿ, "ಹೌದು, ಒಳ್ಳೇ ಕೊಬ್ಬಿದಾವೆ ಈ ಸಲ," ಎಂದ. ಅರವತ್ತಕ್ಕೆ ಬಿರ್ಗಿಟ್ ಅಕ್ಕನ ಮೊಮ್ಮಗ ತಲೆಯಿಂದ ಗುದ್ದಿ ಸಮ ಮಾಡಿದ. ಮಲಾನ್ ಅಜ್ಜನ ತೋಳು ಗಿಲ್ಲಿ ಗಿಲ್ಲಿ ಕೆಂಪು ಮಾಡಿದಳು; ಕುರಿಗಳ ಹತ್ತಿರ ಮತ್ತೆ ಕೂಗಬಾರದೆಂದು ಮೂಟೆಯಿಂದ ಒಂದು ಹಿಡಿ ಉಣ್ಣೆ ಕಿತ್ತು ಬಾಯಿಗೆ ತುರುಕಿಕೊಂಡಳು. ಎಂಬತ್ತಾಯಿತು. ಎಂಬತ್ತೈದಾಯಿತು. ಸಮವಾದರೆ ಸಾಲದು, ಗೆಲ್ಲಲೇಬೇಕು. ಎಂಬತ್ತೆಂಟನೇ ನಿಮಿಷಕ್ಕೆ ಅವಳಿಗೆ ತಡೆಯಲಾಗಲಿಲ್ಲ, ಫೋನು ಎತ್ತಿದಳು.

"ಎಲ್ಲಿದೀಯೋ?"

ಅತ್ತ ಐದು ಸಾವಿರ ಜನರ ಗದ್ದಲ. ಅದರ ನಡುವೆ ದಾನ್ಯಲನ ಒಡೆದ ದನಿ: "ಕೂತಿದೀನಿ ಅಕ್ಕಾ."

"ವಾಪಸ್ ಬೋಟು?"

"ಹೋದ್ರೆ ಹೋಗ್ಲಿ. ನಾನು ಏಳಲ್ಲ."

ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಳು. ಅಕ್ಕನ ಉಸಿರು ತಮ್ಮನಿಗೆ, ತಮ್ಮನ ಉಸಿರು ಅಕ್ಕನಿಗೆ ಕೇಳುತ್ತಿತ್ತು. ತೊಂಬತ್ತು. ತೊಂಬತ್ತೆರಡು. ರೇಡಿಯೋದವನು ಇನ್ನೂ ಮೂಲೆಯ ಒದೆತಕ್ಕೆ ಚೆಂಡು ಇಡುತ್ತಿದ್ದಾರೆ ಎನ್ನುತ್ತಿದ್ದ. ಫೋನು ಅದಕ್ಕಿಂತ ಮುಂದಿತ್ತು. ಫೋನಿನಲ್ಲಿ ಮೊದಲು ಒಂದು ಕ್ಷಣ ಏನೂ ಕೇಳಲಿಲ್ಲ, ಆಮೇಲೆ ಇಡೀ ಟೋರ್ಸ್‌ಹಾವ್ನ್ ಒಟ್ಟಿಗೆ ಸಿಡಿಯಿತು. ಅದರ ಮೇಲೆ, ಎಲ್ಲಕ್ಕಿಂತ ಮೇಲೆ, ಅವಳ ತಮ್ಮ ಹಸುಳೆಯ ಹಾಗೆ ಅಳುತ್ತ ಕೂಗುತ್ತಿದ್ದ.

"ಬಿತ್ತೂಊಊ!"

ಮಲಾನಳಿಗೆ ಉಣ್ಣೆಯ ನೆನಪೇ ಆಗಲಿಲ್ಲ. ಅವಳು ಕೂಗಿದಳು, ಉಳುಕಿದ ಕಾಲಿನ ಮೇಲೇ ಎದ್ದು ನಿಂತು ಕೂಗಿದಳು. ಬೆಟ್ಟ ಮತ್ತೆ ವಾಪಸು ಕೂಗಿತು. ಇನ್ನೂರು ಕುರಿ ಒಟ್ಟಿಗೆ ಎದ್ದು ಗೋಡೆಯಿಂದ ಗೋಡೆಗೆ ದಡದಡನೆ ನುಗ್ಗಿದವು. ಕಿವುಡ ಹೆರ್ಗೆಯಿರ್ ಅಜ್ಜ ಕಾಫಿ ಚೆಲ್ಲಿಕೊಂಡು, "ಏನಾಯ್ತು? ಯಾರು ಹೋದ್ರು?" ಎಂದ.

ಫೋನಿನಲ್ಲಿ ದಾನ್ಯಲನ ಕೂಗು ತಟ್ಟನೆ ನಿಂತಿತು. ಅಷ್ಟು ಗದ್ದಲದ ನಡುವೆಯೂ ಕುರಿ ಯಜಮಾನನ ಕಿವಿಗೆ ಆ ಸದ್ದು ಬಿದ್ದಿತ್ತು.

"ಅಕ್ಕಾ! ಕುರಿ?"

"ಬಾಗಿಲು ಹಾಕಿದೆ ಕಣೋ," ಎಂದಳು ಮಲಾನ್, ಅಳುತ್ತ ನಗುತ್ತ. "ಸೀಟಿ ಊದೋ ತನಕ ನೀನು ಕೂತ್ಕೋ."